ಊರಿನ ಆರೋಗ್ಯ ಕಾರ್ಯಕ್ಕೆ ಹಣ ಎಲ್ಲಿಂದ?

ಗಣೇಶನ ಹಬ್ಬಕ್ಕೆ ಚಂದಾ ಎತ್ತುವುದು ನಮ್ಮ ಯುವಕ ಸಂಘಗಳಿಗೆ ಕಷ್ಟದ ಕೆಲಸವೇನಲ್ಲ. ರಸೀದಿ ಪುಸ್ತಕ ಹಿಡಿದು ನಾಲ್ಕು ಸಂಜೆ ಓಡಾಡಿದರೆ ಪೆಂಡಾಲು, ಧ್ವನಿವರ್ಧಕ, ಪ್ರಸಾದ ಎಲ್ಲಕ್ಕೂ ಆಗುವಷ್ಟು ಹಣ ಸೇರುತ್ತದೆ. ಅದೇ ಸಂಘದವರು ಹಬ್ಬ ಮುಗಿದ ಮೇಲೆ, ಊರಿನ ಸಕ್ಕರೆ ಕಾಯಿಲೆಯವರಿಗೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸೋಣ ಎಂದು ಹೊರಟರೆ ಮೊದಲ ತಿಂಗಳು ನಾಲ್ಕು ಮಂದಿ ಕೊಡುತ್ತಾರೆ, ಎರಡನೆಯ ತಿಂಗಳು ಇಬ್ಬರು, ಮೂರನೆಯ ತಿಂಗಳು ಯಾರೂ ಇಲ್ಲ. ಆಗ ಪ್ರಶ್ನೆ ಏಳುತ್ತದೆ: ಇಂಥ ಕೆಲಸಕ್ಕೆ ಸರಕಾರದಿಂದಾಗಲೀ ದೊಡ್ಡ ಕಂಪನಿ, ಟ್ರಸ್ಟುಗಳಿಂದಾಗಲೀ ಧನಸಹಾಯ ಸಿಗುವುದಿಲ್ಲವೇ?

ಸಿಗುತ್ತದೆ. ಆದರೆ ಬಹುತೇಕ ಸಂಘಗಳು ಅದನ್ನು ಹುಡುಕುವ ಕ್ರಮವೇ ತಲೆಕೆಳಗು. ಮೊದಲ ಅರ್ಜಿ ಬೆಂಗಳೂರಿನ ಯಾವುದೋ ದೊಡ್ಡ ಕಂಪನಿಗೆ ಹೋಗುತ್ತದೆ. ಅಲ್ಲಿಂದ ಉತ್ತರವೇ ಬರುವುದಿಲ್ಲ. ಸಂಘದ ಉತ್ಸಾಹ ಅಲ್ಲಿಗೆ ಇಳಿಯುತ್ತದೆ. ಇತ್ತ ತಮ್ಮದೇ ಊರಿನ ಹೆಸರಿಗೆ ಬಂದ ಹಣ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇರಬಹುದೆಂಬುದು ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ.

ಊರ ಹೆಸರಿನ ಹತ್ತು ಸಾವಿರ

2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಹಳ್ಳಿಹಳ್ಳಿಗೂ ಒಂದು ಸಮಿತಿ ಇರಬೇಕೆಂದು ನಿಗದಿಯಾಯಿತು. ಇಂದು ಅದರ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. ಮಾರ್ಗಸೂಚಿಯಂತೆ ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು, ಸಾಧ್ಯವಾದಷ್ಟೂ ಮಹಿಳೆ, ಇದರ ಅಧ್ಯಕ್ಷರು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ಸ್ವಸಹಾಯ ಗುಂಪಿನವರು ಇದರಲ್ಲಿ ಇರುತ್ತಾರೆ. ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳವರೆಗೆ ‘ಮುಕ್ತ ನಿಧಿ’ ಉಂಟು. ಮುಕ್ತ ಎಂದರೆ, ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಮೇಲಿನವರು ಕಟ್ಟುಹಾಕದ ಹಣ. ಚರಂಡಿಯ ಸೊಳ್ಳೆ ನಿಯಂತ್ರಣ, ಬಾವಿಯ ಶುದ್ಧೀಕರಣ, ಮನೆಮನೆ ಸಮೀಕ್ಷೆ, ಅಪೌಷ್ಟಿಕ ಮಕ್ಕಳ ಆಹಾರ, ತೀರಾ ಬಡ ಕುಟುಂಬದ ಹೆಂಗಸನ್ನು ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಬಾಡಿಗೆ, ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಆದರೆ ಒಂದು ನಿಯಮವನ್ನು ತಿಳಿದಿರಬೇಕು. ಹಿಂದಿನ ಹಣ ಖರ್ಚಾಗಿ, ಅದರ ಬಳಕೆ ಪ್ರಮಾಣಪತ್ರ ಮೇಲಕ್ಕೆ ಹೋದಷ್ಟೇ ಹೊಸ ಹಣ ಬರುತ್ತದೆ. ಖಾತೆಯಲ್ಲಿ ಎಂಟು ಸಾವಿರ ಉಳಿದಿದ್ದರೆ ಮುಂದಿನ ವರ್ಷಕ್ಕೆ ಸಿಗುವುದು ಎರಡು ಸಾವಿರ ಮಾತ್ರ. ಹೆದರಿ ಖರ್ಚು ಮಾಡದೆ ಇಟ್ಟ ಊರಿಗೆ ಹಣವೂ ಇಲ್ಲ, ಕೆಲಸವೂ ಇಲ್ಲ. ನಿಮ್ಮ ಸಮಿತಿ ಕಳೆದ ಸಲ ಯಾವಾಗ ಸೇರಿತ್ತು, ಖಾತೆಯಲ್ಲಿ ಎಷ್ಟಿದೆ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಕೇಳುವ ಧಾಟಿ ಮಾತ್ರ ಮೃದುವಾಗಿರಲಿ; ಹತ್ತು ಸಾವಿರದ ಲೆಕ್ಕಕ್ಕಾಗಿ ಹತ್ತು ಕಡೆ ಉತ್ತರ ಹೇಳಬೇಕಾದವರು ಅವರು.

ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ. ಅದು ಅನುದಾನವನ್ನಷ್ಟೇ ಅಲ್ಲದೆ ದಾನಿಗಳ ದೇಣಿಗೆಯನ್ನೂ ಪಡೆಯಬಹುದು. ರೋಗಿಗಳು ಕೂರುವ ಬೆಂಚು, ಕುಡಿಯುವ ನೀರು, ಕೆಟ್ಟ ಉಪಕರಣದ ದುರಸ್ತಿ ಮುಂತಾದವಕ್ಕೆ ಸಂಘದವರು ವೈದ್ಯಾಧಿಕಾರಿಗಳೊಡನೆ ಕುಳಿತು ಮಾತನಾಡಿದರೆ ಎಷ್ಟೋ ಕೆಲಸ ಅಲ್ಲೇ ಆಗುತ್ತದೆ. ಗಣಿಗಾರಿಕೆ ನಡೆಯುವ ಬಳ್ಳಾರಿ, ವಿಜಯನಗರ, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಉಂಟು. ಗಣಿ ಕಂಪನಿಗಳು ಕಟ್ಟುವ ಆ ಹಣದ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮೊದಲಾದ ಆದ್ಯತೆಯ ಬಾಬುಗಳಿಗೇ ಹೋಗಬೇಕು.

ಅರ್ಜಿಯ ಕಂತೆ ಬೇಡದ ಒಂದು ದಾರಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ನಿಕ್ಷಯ್ ಮಿತ್ರ’ ಯೋಜನೆಯಲ್ಲಿ ವ್ಯಕ್ತಿ, ಸಂಘ, ಕಂಪನಿ ಯಾರು ಬೇಕಾದರೂ ಕ್ಷಯರೋಗಿಗಳಿಗೆ, ಅವರ ಒಪ್ಪಿಗೆಯ ಮೇರೆಗೆ, ತಿಂಗಳ ಪೌಷ್ಟಿಕ ಆಹಾರದ ಹೊಣೆ ಹೊರಬಹುದು. ರೋಗಿಗೆ ಸರಕಾರವೇ ನೀಡುವ ಪೋಷಣಾ ಭತ್ಯೆ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ. ಬೇಳೆ, ಶೇಂಗಾ, ಎಣ್ಣೆ, ಮೊಟ್ಟೆ ಇದರ ಮೇಲೆ ಸೇರಿದರೆ ತೂಕ ಏರುತ್ತದೆ, ಔಷಧಿಯನ್ನು ನಡುವೆ ಬಿಡುವವರು ಕಡಿಮೆಯಾಗುತ್ತಾರೆ. ಒಂದು ಮಹಿಳಾ ಮಂಡಳಿ ಇಬ್ಬರು ರೋಗಿಗಳನ್ನು ನೋಡಿಕೊಂಡರೂ ಅದು ಸಾರ್ಥಕ ಕೆಲಸವೇ.

ಯಂತ್ರ ಬಂತು, ಪಟ್ಟಿ ಎಲ್ಲಿ?

ದಾನಿಗಳಿಗೂ ಒಂದು ದೌರ್ಬಲ್ಯವಿದೆ. ಕಣ್ಣಿಗೆ ಕಾಣುವ, ಹೆಸರು ಬರೆಸಬಹುದಾದ ವಸ್ತುವನ್ನು ಕೊಡಲು ಅವರಿಗೆ ಇಷ್ಟ. ಆಂಬುಲೆನ್ಸ್ ಕೊಡುತ್ತಾರೆ, ಚಾಲಕನ ಸಂಬಳ ಕೊಡುವುದಿಲ್ಲ. ಎಕ್ಸ್‌ರೇ ಯಂತ್ರ ಕೊಡುತ್ತಾರೆ, ಅದನ್ನು ನಡೆಸುವ ತಂತ್ರಜ್ಞ, ಕರೆಂಟ್ ಬಿಲ್ಲು, ವಾರ್ಷಿಕ ದುರಸ್ತಿ ಒಪ್ಪಂದ ಇವು ಯಾರ ತಲೆಗೋ ಬೀಳುತ್ತವೆ. ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲಿ ಬಂದ ಎರಡು ವರ್ಷಕ್ಕೆ ಟೈರು ಇಳಿದು ಶೆಡ್ಡಿನಲ್ಲಿ ನಿಂತ ವಾಹನಗಳನ್ನು ನೀವೂ ನೋಡಿರಬಹುದು. ಈ ದೋಷದಲ್ಲಿ ಕೇಳುವವರ ಪಾಲೂ ಇದೆ. ಅರ್ಜಿಯಲ್ಲಿ ಯಂತ್ರದ ಬೆಲೆಯನ್ನಷ್ಟೇ ಬರೆದರೆ ಸಿಗುವುದೂ ಯಂತ್ರವೇ.

ಆರಂಭದಲ್ಲಿ ಹೇಳಿದ ಸಕ್ಕರೆ ಕಾಯಿಲೆಯ ಯೋಜನೆಯನ್ನೇ ಲೆಕ್ಕ ಹಾಕಿ ನೋಡೋಣ. ಊರಿನಲ್ಲಿ ಅಂಥವರು 60 ಮಂದಿ ಇದ್ದಾರೆ ಎಂದುಕೊಳ್ಳಿ. ಬೆರಳು ಚುಚ್ಚಿ ಸಕ್ಕರೆ ಅಳೆಯುವ ಯಂತ್ರ ಒಂದೆರಡು ಸಾವಿರಕ್ಕೆ ಬರುತ್ತದೆ. ಒಮ್ಮೆ ಕೊಂಡರೆ ಮುಗಿಯಿತು. ಆದರೆ ಪ್ರತಿ ಪರೀಕ್ಷೆಗೂ ಹೊಸ ಪಟ್ಟಿ ಬೇಕು. ಪಟ್ಟಿಗೆ 15 ರೂಪಾಯಿ ಎಂದು ಹಿಡಿದರೂ 60 ಮಂದಿಗೆ ತಿಂಗಳಿಗೊಮ್ಮೆಯಂತೆ ವರ್ಷಕ್ಕೆ 720 ಪಟ್ಟಿ, ಅಂದರೆ 10,800 ರೂಪಾಯಿ. ಸೂಜಿ, ಹತ್ತಿ, ದಾಖಲೆ ಪುಸ್ತಕ, ಸಕ್ಕರೆ ವಿಪರೀತ ಏರಿದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವ ಬಸ್ ಚಾರ್ಜು ಬೇರೆ. ಅರ್ಜಿಯಲ್ಲಿ ಯಂತ್ರದ ಬೆಲೆ ಒಂದೇ ಸಾಲು. ಉಳಿದ ಸಾಲುಗಳೆಲ್ಲ ನಿತ್ಯದ ಖರ್ಚಿನವು. ಹಾಗೆ ಬರೆದ ಅರ್ಜಿಯನ್ನು ನೋಡಿದ ಕೂಡಲೇ ಅನುಭವಿ ದಾನಿಗೆ ಇವರು ಕೆಲಸ ಬಲ್ಲವರು ಎಂದು ತಿಳಿಯುತ್ತದೆ.

ಇದಕ್ಕೂ ಮೊದಲು ಮತ್ತೊಂದು ವಿಚಾರಣೆ ಆಗಬೇಕು: ಕೇಳುವ ವಸ್ತು ಸರಕಾರದಿಂದ ಆಗಲೇ ಉಚಿತವಾಗಿ ಸಿಗುತ್ತಿದೆಯೇ? ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ತಪಾಸಣೆ ಸರಕಾರಿ ಕಾರ್ಯಕ್ರಮದಲ್ಲೇ ಇದೆ. ಇವುಗಳ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದ ಮಾನ್ಯತೆ ಪಡೆದ ಸ್ವಯಂಸೇವಾ ಆಸ್ಪತ್ರೆಗಳಿಗೆ ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಹಣ ಸಂದಾಯವಾಗುತ್ತದೆ. ಹೀಗಿರುವಾಗ ಸಂಘವು ಶಸ್ತ್ರಚಿಕಿತ್ಸೆಗೇ ಹಣ ಕೇಳಿದರೆ ಅರ್ಜಿ ಬದಿಗೆ ಸರಿಯುತ್ತದೆ. ಮುದುಕರನ್ನು ಕರೆದೊಯ್ದು ಮರಳಿ ಮನೆಗೆ ತಂದುಬಿಡುವ ವಾಹನ, ಜೊತೆಗೆ ಹೋಗುವವರ ಊಟ, ಆಮೇಲೆ ವಾರಗಟ್ಟಲೆ ಕಣ್ಣಿಗೆ ಹನಿ ಹಾಕುವುದನ್ನು ನೋಡಿಕೊಳ್ಳುವ ವ್ಯವಸ್ಥೆ, ಕೊರತೆ ಇರುವುದು ಇಲ್ಲಿ. ಕೇಳಬೇಕಾದದ್ದೂ ಇದಕ್ಕೇ.

ಕಾಗದಪತ್ರಗಳ ಮಾತು

ಹೊರಗಿನ ಹಣ ಬೇಕೆಂದರೆ ಸಂಘಕ್ಕೆ ಕಾನೂನಿನ ರೂಪ ಬೇಕು. ಏಳು ಮಂದಿ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಬಹುದು, ಇಲ್ಲವೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಬಹುದು. ನೋಂದಣಿ ಮಾಡಿಸಿದವರಲ್ಲಿ ಬಹಳಷ್ಟು ಮಂದಿ ಎಡವುವುದು ಆ ಬಳಿಕ. ವರ್ಷವರ್ಷವೂ ಸರ್ವಸದಸ್ಯರ ಸಭೆ ನಡೆದು, ಜಮಾಖರ್ಚು ಆಡಿಟ್ ಆಗಿ, ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಕೆಯಾಗಬೇಕು. ಐದು ವರ್ಷದ ಲೆಕ್ಕವನ್ನು ಒಂದೇ ರಾತ್ರಿ ಕುಳಿತು ಬರೆದ ನಡಾವಳಿ ಪುಸ್ತಕ ದಾನಿಗಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಒಂದೇ ಪೆನ್ನಿನ ಶಾಯಿ ಎಲ್ಲವನ್ನೂ ಹೇಳುತ್ತದೆ.

ಇದರ ಮೇಲೆ ಆದಾಯ ತೆರಿಗೆ ಇಲಾಖೆಯ ಎರಡು ಮಾನ್ಯತೆಗಳು. 12ಎ, 80ಜಿ ಎಂದೇ ಅವು ಎಲ್ಲರ ಬಾಯಲ್ಲಿವೆ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಎರಡನೆಯದು ದಾನಿಗೆ ಸಿಗುವ ತೆರಿಗೆ ರಿಯಾಯಿತಿ. ಇವು 1961ರ ಕಾಯ್ದೆಯ ಸಂಖ್ಯೆಗಳು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ನಿಮ್ಮ ಆಡಿಟರರನ್ನು ಕೇಳಿಯೇ ಅರ್ಜಿ ತುಂಬಿ. ನೀತಿ ಆಯೋಗದ ‘ದರ್ಪಣ’ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ಕೇಂದ್ರ ಸರಕಾರದ ಅನುದಾನ ಕೇಳುವವರಿಗೆ ಅದರ ಸಂಖ್ಯೆ ಬೇಕಾಗುತ್ತದೆ.

ಈಗ ಕಂಪನಿಗಳ ವಿಚಾರ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಬೇಕು. ಆರೋಗ್ಯ ಸೇವೆ, ರೋಗ ತಡೆ, ನೈರ್ಮಲ್ಯ, ಶುದ್ಧ ಕುಡಿಯುವ ನೀರು ಆ ಪಟ್ಟಿಯ ಮೊದಲ ಬಾಬಿನಲ್ಲೇ ಇವೆ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಬೆಳಗಾವಿ, ಬಾಗಲಕೋಟೆಯವರು ಸಕ್ಕರೆ ಕಾರ್ಖಾನೆಯತ್ತ, ಕಲಬುರಗಿಯವರು ಸಿಮೆಂಟ್ ಕಾರ್ಖಾನೆಯತ್ತ, ಗದಗ, ಚಿತ್ರದುರ್ಗದವರು ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯತ್ತ ನೋಡುವುದು ಬುದ್ಧಿವಂತಿಕೆ. ಮ್ಯಾರಥಾನ್, ಪ್ರಶಸ್ತಿ ಪ್ರದಾನದಂಥ ಒಂದು ದಿನದ ಸಂಭ್ರಮಗಳು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ.

2021ರ ಏಪ್ರಿಲ್‌ನಿಂದ ಇಂಥ ಹಣ ಪಡೆಯುವ ಸಂಸ್ಥೆಗಳು ಆ ಸಚಿವಾಲಯದಲ್ಲಿ ‘ಸಿ.ಎಸ್.ಆರ್.–1’ ನಮೂನೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಮೇಲೆ ಹೇಳಿದ ತೆರಿಗೆ ಮಾನ್ಯತೆಗಳು ಬೇಕು. ಚಿಕ್ಕ ಸಂಘಕ್ಕೆ ಇದೆಲ್ಲ ಭಾರವೆನಿಸಿದರೆ, ಈ ನೋಂದಣಿಗಳನ್ನು ಈಗಾಗಲೇ ಪಡೆದ ತಾಲ್ಲೂಕಿನ ಹಳೆಯ ಸಂಸ್ಥೆಯೊಂದರ ಜೊತೆಗೂಡಿ ಅದರ ಯೋಜನೆಯ ಒಂದು ಊರಾಗಿ ಕೆಲಸ ಆರಂಭಿಸಬಹುದು. ಮೊದಲ ಎರಡು ಮೂರು ವರ್ಷಕ್ಕೆ ಇದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಟಾಟಾ ಟ್ರಸ್ಟ್‌ಗಳು, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ, 1996ರಲ್ಲಿ ಆರಂಭವಾದ ಇನ್ಫೋಸಿಸ್ ಪ್ರತಿಷ್ಠಾನ ಮುಂತಾದ ದೊಡ್ಡ ದಾನಸಂಸ್ಥೆಗಳ ಬಾಗಿಲು ತಟ್ಟುವವರಿಗೆ ಮಾಡಿ ತೋರಿಸಿದ ಕೆಲಸವೇ ಶಿಫಾರಸು. ಯಳಂದೂರಿನಲ್ಲಿ 1986ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ಕರುಣಾ ಟ್ರಸ್ಟ್ ಮೊದಲು ಹಿಡಿದದ್ದು ಆ ತಾಲ್ಲೂಕಿನ ಕುಷ್ಠರೋಗವನ್ನು. ಹತ್ತು ವರ್ಷಗಳ ಬಳಿಕ, 1996ರಲ್ಲಿ, ಸರಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೇ ಅದಕ್ಕೆ ಒಪ್ಪಿಸಿತು. ಒಂದು ತಾಲ್ಲೂಕು, ಒಂದು ರೋಗ, ಹತ್ತು ವರ್ಷ. ನಮ್ಮ ಎಷ್ಟೋ ಸಂಘಗಳ ಬೈಲಾದಲ್ಲಿ ಶಿಕ್ಷಣದಿಂದ ಹಿಡಿದು ಜಾನಪದದವರೆಗೆ ಇಪ್ಪತ್ತೆರಡು ಉದ್ದೇಶಗಳಿರುತ್ತವೆ!

ಪರದೇಶದ ಹಣ, ದಲ್ಲಾಳಿಯ ಹಣ

‘ಊರಿನ ಮಗ ಅಮೆರಿಕದಲ್ಲಿದ್ದಾನೆ, ಅವನೇ ಕಳಿಸುತ್ತಾನೆ’ ಎನ್ನುವವರು ಕೊಂಚ ನಿಲ್ಲಬೇಕು. ಆತ ಇನ್ನೂ ಭಾರತದ ಪ್ರಜೆಯಾಗಿದ್ದು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಊರಲ್ಲಿ ತೋಟ, ಮನೆ, ಅಪ್ಪ ಅಮ್ಮ ಎಲ್ಲ ಇದ್ದರೂ, ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ಬಳಿಕ ಈ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೆ. ಒಂದು ಸಂಸ್ಥೆ ಪಡೆದದ್ದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ.

‘ಅನುದಾನ ಮಂಜೂರು ಮಾಡಿಸಿಕೊಡುತ್ತೇವೆ, ಮೊದಲು ಇಷ್ಟು ಖರ್ಚು ಕೊಡಿ’ ಎಂದು ಬರುವವರ ವಿಷಯದಲ್ಲಿ ಎರಡೇ ಮಾತು ಸಾಕು. ನಿಜವಾದ ದಾನಿ ಕೊಡುವ ಮೊದಲು ನಿಮ್ಮಿಂದ ಹಣ ಕೇಳುವುದಿಲ್ಲ. ಖಾಲಿ ಲೆಟರ್‌ಹೆಡ್ಡಿನ ಮೇಲೆ, ಖಾಲಿ ಚೆಕ್ಕಿನ ಮೇಲೆ ಪದಾಧಿಕಾರಿಗಳ ಸಹಿಯನ್ನೂ ಕೇಳುವುದಿಲ್ಲ.

ಇನ್ನು ಸಮಯದ ವಿಚಾರ. ಕಂಪನಿಗಳ ಹಣಕಾಸು ವರ್ಷ ಮಾರ್ಚ್‌ಗೆ ಮುಗಿಯುವುದರಿಂದ ಮುಂದಿನ ವರ್ಷದ ಯೋಜನೆಗಾಗಿ ಜನವರಿ, ಫೆಬ್ರವರಿಯಲ್ಲೇ ಅವರನ್ನು ಕಾಣಿ. ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಿ ಅಕ್ಟೋಬರ್‌ನಲ್ಲೇ ಮೊದಲಾಗುತ್ತದೆ. ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿದ ಬೇಡಿಕೆ ನಡಾವಳಿಯಲ್ಲಿ ದಾಖಲಾಗಬೇಕು, ಅಲ್ಲಿಂದ ಗ್ರಾಮಸಭೆಗೆ ಬರಬೇಕು. ಸಭೆ ಮುಗಿದ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಬಳಿ ಹೋಗಿ, ನಿಮ್ಮ ಸಾಲು ಪುಸ್ತಕದಲ್ಲಿ ಬರೆದಿದೆಯೇ ಎಂದು ಓದಿಸಿಕೊಂಡು, ಅದರ ನಕಲು ಪಡೆದು ಮನೆಗೆ ಬನ್ನಿ.