ಪೆಟ್ಟಿಗೆ ಕುಣಿದರೆ ಸಾಲದು, ಕೈ ಕುಣಿಯಬೇಕು!

ನಮ್ಮ ಕಲಬುರಗಿ ಕಡೆ 'ಡಿಜೆ' ಅಂದರೆ ಏನು ಗೊತ್ತೇ? ಮನುಷ್ಯ ಅಲ್ಲ, ಟ್ರ್ಯಾಕ್ಟರ್ ಮೇಲೆ ಪೇರಿಸಿದ ಕರೀ ಪೆಟ್ಟಿಗೆ! "ಡಿಜೆ ಬಂತೇನ?" ಅಂತ ಕೇಳುತ್ತಾರೆಯೇ ಹೊರತು "ಡಿಜೆ ಬಂದನೇನ?" ಅಂತ ಯಾರೂ ಕೇಳುವುದಿಲ್ಲ. ಆ ಪೆಟ್ಟಿಗೆಯ ಹಿಂದೆ ನಿಲ್ಲಲು ಹೊರಟ ಒಬ್ಬ ಬಡಪಾಯಿಯ ಕಥೆ ಇದು. ಬಡಪಾಯಿ ಬೇರೆ ಯಾರೂ ಅಲ್ಲ... ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು, ಸಿನಿಮಾ ಸುದ್ದಿ ಬರೆದು ಹೊಟ್ಟೆ ಹೊರೆಯುವ ನಾನೇ!

ಕಮಲಾಪುರದಲ್ಲಿ ನಮಗೆ ಗುರುತಿನ ಕಾಕಾ ಒಬ್ಬರಿದ್ದಾರೆ. ಸೌಂಡ್ ಸಿಸ್ಟಂ ಬಾಡಿಗೆ ಕೊಡುವುದು ಅವರ ಕಸುಬು. ಎರಡು ತಿರುಗುವ ತಟ್ಟೆ, ನಡುವೆ ಅತ್ತಿತ್ತ ಸರಿಯುವ ಫೇಡರ್ ಇರುವ ಮಷಿನ್ ಒಂದನ್ನು ಅವರು ತಂದಿದ್ದರು. ನಾನು ತಿಂಗಳಿಗೊಮ್ಮೆ ಹೋಗಿ ಇಡೀ ದಿನ ಅದರ ಮೇಲೆ ಕೈಯಾಡಿಸಿ ಬರುತ್ತಿದ್ದೆ. ಕಲಿತೇಬಿಟ್ಟೆ ಅಂತ ಭ್ರಮೆ!

ಭ್ರಮೆ ಒಡೆದದ್ದು ಒಂದು ಲಗ್ನದ ಮೆರವಣಿಗೆಯಲ್ಲಿ. 'ಜೋಗಿ' ಹಾಡು ಮುಗಿಯುವ ಮುಂಚೆ 'ಟಗರು' ಹಾಡು ಎಳೆದೆ ನೋಡಿ... ಎರಡೂ ತಾಳ ಒಂದಕ್ಕೊಂದು ಡಿಕ್ಕಿ! ಕುಣಿಯುವವರ ಎತ್ತಿದ ಕಾಲು ಎತ್ತಿದಂತೆಯೇ ನಿಂತವು. ಮದುಮಗನೇ ತಿರುಗಿ ನನ್ನ ಕಡೆ ನೋಡಿದ. ಅವತ್ತು ರಾತ್ರಿ ಕಾಕಾ ಒಂದೇ ಮಾತು ಹೇಳಿದರು:

"ತಮ್ಮಾ, ಪೆಟ್ಟಿಗಿ ಜೋರ ಅದಾವ, ನಿನ್ನ ಕೈ ಜೋರ ಇಲ್ಲ. ಈ ಲಗ್ನದ ಸೀಸನ್ ಮುಗ್ಯಾದ್ರಾಗ ಕೈ ಕುಂದರ್ಲಿಲ್ಲಂದ್ರ ಈ ಮಷಿನ್ ಮಾರಿಬಿಡ್ತೀನಿ."

ಎದೆ ಧಸಕ್ಕೆಂದಿತು. ಇನ್ನೊಂದು ಮಷಿನ್ ಕೊಳ್ಳುವ ತಾಕತ್ತು ನನಗೆಲ್ಲಿಂದ ಬರಬೇಕು?

ಬೈಗುಳದಿಂದ ಹುಟ್ಟಿದ ವಿದ್ಯೆ

ಈ ವಿದ್ಯೆಯ ಮೂಲ ಕೇಳಿದರೆ ನಿಮಗೆ ಖುಷಿಯಾದೀತು. 1970ರ ದಶಕದ ನಡುವೆ, ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಥಿಯೋಡೋರ್ ಎಂಬ ಹುಡುಗ ಮನೆಯಲ್ಲಿ ರೆಕಾರ್ಡ್ ಹಾಕಿ ಕೂತಿದ್ದ. ಸದ್ದು ಜಾಸ್ತಿ ಆಯಿತೆಂದು ತಾಯಿ ಬಾಗಿಲಿಗೆ ಬಂದು ಗದರಿದರು. ತಾಯಿಯ ಮಾತು ಕೇಳಲೆಂದು ಹುಡುಗ ತಿರುಗುವ ರೆಕಾರ್ಡನ್ನು ಕೈಯಲ್ಲಿ ಒತ್ತಿ ಹಿಡಿದ. ಹಿಂದೆ ಮುಂದೆ ಅಲುಗಿದಾಗ 'ವಿಕಿ ವಿಕಿ' ಎಂಬ ಸದ್ದು! ಸ್ಕ್ರ್ಯಾಚ್ ಹುಟ್ಟಿದ್ದು ಹಾಗೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವತ್ತೇ ಆ ಹುಡುಗ ಊರಿಗೆಲ್ಲ ತೋರಿಸಲಿಲ್ಲ. ತಿಂಗಳುಗಟ್ಟಲೆ ಮನೆಯಲ್ಲೇ ತಿದ್ದಿ ತೀಡಿದ ಮೇಲೆ ಜನರ ಮುಂದೆ ತಂದ. ಸಿನಿಮಾದಲ್ಲಿ ನೋಡಬೇಕೇ? 1983ರ 'ವೈಲ್ಡ್ ಸ್ಟೈಲ್' ಚಿತ್ರದಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಡುಗೆಮನೆಯಲ್ಲಿ ನಿಂತು ಕೈಚಳಕ ತೋರಿಸುತ್ತಾರೆ.

ನಮ್ಮ ಅಣ್ಣಾವ್ರನ್ನೇ ನೋಡಿ. 1974ರ 'ಸಂಪತ್ತಿಗೆ ಸವಾಲ್' ನಂತರ ತಮ್ಮ ಚಿತ್ರಗಳಿಗೆ ತಾವೇ ಹಾಡತೊಡಗಿದ ರಾಜಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು 1992ರ 'ಜೀವನ ಚೈತ್ರ'ಕ್ಕೆ. ನಡುವೆ ಹದಿನೆಂಟು ವರ್ಷ! ತಿಂಗಳಿಗೊಂದು ದಿನ ಮೈಮುರಿದು ದುಡಿದು ಕಲಾವಿದನಾಗುತ್ತೇನೆ ಅಂದುಕೊಂಡ ನನಗೆ ನಾಚಿಕೆಯಾಯಿತು.

ತಾಟಿನ ಮೇಲೆ ಪಾಠ

ಮಷಿನ್ ಇರುವುದು ಕಮಲಾಪುರದಲ್ಲಿ, ನಾನಿರುವುದು ಕಲಬುರಗಿಯಲ್ಲಿ. ದಿನಾ ಬಸ್ಸಿಗೆ ದುಡ್ಡು ಸುರಿಯಲು ಆಗುತ್ತದೆಯೇ? ಆಗ ಒಂದು ಕ್ರಮ ಮಾಡಿಕೊಂಡೆ.

ಸೋಮವಾರದಿಂದ ಶುಕ್ರವಾರ, ಮುಂಜಾನೆ ಬರೀ ಅರ್ಧ ತಾಸು. ಮೊದಲ ಹತ್ತು ನಿಮಿಷ, ಫೋನಿನಲ್ಲಿ ತಾಳದ ಸದ್ದು ಇಟ್ಟು, ನಿಮಿಷಕ್ಕೆ 70 ಬಡಿತದಂತೆ, ಬಟ್ಟೆಯ ಮೇಲೆ ಮಗುಚಿ ಹಾಕಿದ ಸ್ಟೀಲ್ ತಾಟನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸುವುದು. ಇದಕ್ಕೆ 'ಬೇಬಿ ಸ್ಕ್ರ್ಯಾಚ್' ಅನ್ನುತ್ತಾರೆ. ಫೇಡರ್ ಮುಟ್ಟುವ ಹಾಗಿಲ್ಲ. ಮುಂದಿನ ಹತ್ತು ನಿಮಿಷ ಎಡಗೈ ಬೆರಳು ಫೇಡರ್ ಇದ್ದಂತೆ: ತಾಟು ಮುಂದೆ ಹೋದಾಗ ತೆರೆ, ಹಿಂದೆ ಬಂದಾಗ ಮುಚ್ಚು. ಕೊನೆಯ ಹತ್ತು ನಿಮಿಷ ಒಂದು ಹಾಡು ಕೇಳಿ, ನಾಲ್ಕು ನಾಲ್ಕರಂತೆ ಬಡಿತ ಎಣಿಸಿ, ಪಲ್ಲವಿ ಎಲ್ಲಿ ಶುರು, ವೇಗ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಎಣಿಸಲು ಬಾರದವನಿಗೆ ಎರಡು ಹಾಡು ಕೂಡಿಸಲು ಬರುವುದಿಲ್ಲ, ಬರೆದಿಟ್ಟುಕೊಳ್ಳಿ!

ಮೊದಲ ದಿನ ಅವ್ವ ಗಾಬರಿಯಾದಳು. "ಯಪ್ಪಾ, ಮುಂಜಾನಿ ಮುಂಜಾನಿ ತಾಟ ಯಾಕ ತಿಕ್ಕಲತ್ತಿ? ನಾ ತೊಳ್ದೀನಲ್ಲ!"

ಶನಿವಾರ ಮಧ್ಯಾಹ್ನ ಹುಮನಾಬಾದ್ ರಸ್ತೆಯ ಬಸ್ಸು. ಮಹಾಗಾಂವ್ ಕ್ರಾಸ್ ದಾಟುವಷ್ಟರಲ್ಲಿ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿರುತ್ತವೆ. ಕೆಂಪು ಬಾಳೆಹಣ್ಣಿನ ಕಮಲಾಪುರದಲ್ಲಿ ಇಳಿದು ಎರಡು ಹಣ್ಣು ತಿಂದು ಕಾಕಾನ ಅಂಗಡಿ ಸೇರುತ್ತೇನೆ. ಕಿವಿಗೆ ಹೆಡ್‌ಫೋನ್, ಎರಡೇ ತಾಸು. ವಾರವಿಡೀ ತಾಟಿನ ಮೇಲೆ ಮಾಡಿದ್ದೇ ಮಷಿನ್ ಮೇಲೆ ಒಂದು ತಾಸು. ಬರೆದಿಟ್ಟ ಹಾಡುಗಳನ್ನು ವೇಗ ಸರಿಹೊಂದಿಸಿ ಕೂಡಿಸುವುದು ಇನ್ನೊಂದು ತಾಸು. ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ವಾಪಸ್ ಬಸ್ಸಿನಲ್ಲಿ ಕೇಳುತ್ತೇನೆ. ಅಯ್ಯೋ, ಆ ತಪ್ಪುಗಳನ್ನು ಕೇಳುವ ಕಷ್ಟ! ಆದರೆ ಅದೇ ಗುರು. ಯಾವ ಜಾಗದಲ್ಲಿ ಎಡವಿದೆನೋ ಅದೇ ಮುಂದಿನ ವಾರದ ಪಾಠ.

ಮೂರನೇ ವಾರ ಕೈ ಮೊದಲಿಗಿಂತ ಕೆಟ್ಟಂತೆ ಅನ್ನಿಸಿತು. ನಿಜವಾಗಿ ಕೆಟ್ಟದ್ದು ಕೈ ಅಲ್ಲ. ಕಿವಿ ಚುರುಕಾಗಿ, ಮೊದಲು ಕೇಳದಿದ್ದ ತಪ್ಪು ಈಗ ಕೇಳತೊಡಗಿತ್ತು. ಬಹಳ ಜನ ಬಿಟ್ಟು ಓಡುವುದು ಇಲ್ಲೇ. ನಾನೂ ಎರಡು ದಿನ ತಾಟು ಮುಟ್ಟಲಿಲ್ಲ. ಮೂರನೇ ದಿನ ಮತ್ತೆ ಕೂತೆ.

ಸೀಸನ್ನಿನ ಕೊನೆಯ ಲಗ್ನ

ಅದೂ ಕಮಲಾಪುರದಲ್ಲೇ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಇದೆಯಲ್ಲ, 9.30ಕ್ಕೆ ಕಾಕಾ ನನ್ನನ್ನು ಮುಂದೆ ತಳ್ಳಿದರು. ಕೈ ಬೆವೆತಿತ್ತು. ಅದೇ 'ಜೋಗಿ', ಅದೇ 'ಟಗರು'. ಎಣಿಸಿದೆ... ಒಂದು, ಎರಡು, ಮೂರು, ನಾಲ್ಕು. ಫೇಡರ್ ಸರಿಸಿದೆ. ಯಾರ ಕಾಲೂ ನಿಲ್ಲಲಿಲ್ಲ! ನಡುವೆ ಒಂದು ಸಣ್ಣ 'ವಿಕಿ ವಿಕಿ' ಹಾಕಿದಾಗ ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು.

ಮುಗಿದ ಮೇಲೆ ವೈರ್ ಸುತ್ತುತ್ತಾ ಕಾಕಾ ಅಂದರು: "ಹಾಡ ಯಾವಾಗ ಬದ್ಲಾತೋ ಗೊತ್ತೇ ಆಗ್ಲಿಲ್ಲಲೋ!"

ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಡ. ಮಷಿನ್ ಮಾರುವ ಮಾತು ಅವರು ಮತ್ತೆ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ ಅನ್ನಿ!

ನಿಮ್ಮಲ್ಲೂ ಯಾರಾದರೂ ಪೆಟ್ಟಿಗೆಯ ಹಿಂದೆ ನಿಲ್ಲಬೇಕೆಂದಿದ್ದೀರಾ? ಮಷಿನ್ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಮನೆಯಲ್ಲಿ ತಾಟು ಇದೆಯಲ್ಲ, ನಾಳೆ ಮುಂಜಾನೆ ಅರ್ಧ ತಾಸು ಕೊಡಿ. ಅವ್ವ ಬೈದರೆ ಥಿಯೋಡೋರನ ಕಥೆ ಹೇಳಿ!