ಬಿಗಿಗೂ ಸಡಿಲಕ್ಕೂ ನಡುವಿನ ಹದ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಧಾರವಾಡ ಎತ್ತರದಲ್ಲಿದೆ, ಹಾಗಾಗಿ ಆ ಕಡೆಗೆ ಸೈಕಲ್ ತುಳಿಯುವವರಿಗೆ ಏರು ತಪ್ಪಿದ್ದಲ್ಲ. ಏರಿನಲ್ಲಿ ಮೈಭಾರವೆಲ್ಲ ಪೈಡಲ್ಲಿಗೆ, ಅಲ್ಲಿಂದ ಕ್ರ್ಯಾಂಕಿಗೆ, ಕ್ರ್ಯಾಂಕಿನಿಂದ ಬಿಬಿ (ಬಾಟಮ್ ಬ್ರಾಕೆಟ್) ಎಕ್ಸೆಲ್ಲಿಗೆ ಇಳಿಯುತ್ತದೆ. ಹಿಂದೆ ಹಾಲಿನ ಕ್ಯಾನೋ ಮೇವಿನ ಹೊರೆಯೋ ಇದ್ದರಂತೂ ಆ ಒತ್ತಡ ಇನ್ನೂ ಹೆಚ್ಚು. ಸೈಕಲ್ಲಿನಲ್ಲಿ ಅತಿ ಹೆಚ್ಚು ದುಡಿದು ಅತಿ ಕಡಿಮೆ ಗಮನ ಪಡೆಯುವ ಜಾಗ ಇದು. ಇಲ್ಲಿ ಹುಟ್ಟುವ ಅಲುಗಾಟವನ್ನು ತೆಗೆಯುವುದು ನಮ್ಮ ಸೈಕಲ್ ಅಂಗಡಿಗಳ ಮಿಸ್ತ್ರಿಗಳಿಗೆ ಕರಗತವಾಗಿರುವ ಸೂಕ್ಷ್ಮ ವಿದ್ಯೆ.

“ಪೈಡಲ್ ಕಟಕಟ ಅನ್ನಾಕತ್ತೇತ್ರಿ” ಎಂದು ಗಿರಾಕಿ ಬಂದು ನಿಂತರೆ, ಬಲ್ಲ ಮಿಸ್ತ್ರಿ ಕೂಡಲೇ ಪಾನಾ ಹಿಡಿಯುವುದಿಲ್ಲ. ಎರಡೂ ಕ್ರ್ಯಾಂಕುಗಳನ್ನು ಕೈಯಲ್ಲಿ ಹಿಡಿದು ಫ್ರೇಮಿನ ಕಡೆಗೆ ಒತ್ತುತ್ತಾರೆ, ಹೊರಗೆ ಎಳೆಯುತ್ತಾರೆ. ಒಂದೇ ಕ್ರ್ಯಾಂಕು ಅಲುಗಿದರೆ ತಪ್ಪು ಅದನ್ನು ಎಕ್ಸೆಲ್ಲಿಗೆ ಬಿಗಿಯುವ ಕಾಟರ್ ಪಿನ್ನಿನದು. ಎರಡೂ ಒಟ್ಟಿಗೆ ಅಲುಗಿದರೆ ಬೇರಿಂಗ್ ಗುಂಡುಗಳು ಕೂರುವ ಒಳಗಿನ ಕಪ್ಪು (ಬಟ್ಟಲು) ಸಡಿಲಾಗಿದೆ, ಇಲ್ಲವೇ ಗುಂಡುಗಳು ಸವೆದಿವೆ. ಅರ್ಧ ನಿಮಿಷದ ಈ ಪರೀಕ್ಷೆಯಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಕಾಟರ್ ಸಡಿಲಾಗಿದ್ದಾಗ ಕಪ್ಪನ್ನು ಬಿಗಿ ಮಾಡಿದರೆ ಸದ್ದು ನಿಲ್ಲುವುದಿಲ್ಲ, ಚೆನ್ನಾಗಿದ್ದ ಗುಂಡುಗಳೂ ಹಾಳಾಗುತ್ತವೆ.

ಮೊದಲು ಕಾಟರ್ ಪಿನ್ನನ್ನೇ ನೋಡೋಣ. ಇದರ ಒಂದು ಮೈ ಓರೆಯಾಗಿ ಚಪ್ಪಟೆ. ಆ ಮೈ ಎಕ್ಸೆಲ್ಲಿನಲ್ಲಿ ಕೊರೆದ ಚಪ್ಪಟೆ ಜಾಗಕ್ಕೆ ಪೂರ್ತಿ ಅಂಟಿ ಕೂರಬೇಕು. ಹೊಸ ಪಿನ್ನು ಸರಿಯಾಗಿ ಕೂರದಿದ್ದರೆ ಮಿಸ್ತ್ರಿ ಅದನ್ನು ಕಾನಸಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಹಾಕಿ ನೋಡುತ್ತಾರೆ. ಎರಡು ಬದಿಯ ಪಿನ್ನುಗಳು ಎದುರುಬದುರಾಗಿರಬೇಕು: ಒಂದರ ನಟ್ಟು ಮೇಲಕ್ಕಿದ್ದಾಗ ಇನ್ನೊಂದರದ್ದು ಕೆಳಕ್ಕೆ. ತಪ್ಪಿದರೆ ಕ್ರ್ಯಾಂಕುಗಳೆರಡೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ನನ್ನು ಬಿಗಿ ಮಾಡುವುದು ಸುತ್ತಿಗೆಯ ಏಟು. ನಟ್ಟು ಅದನ್ನು ಹಿಡಿದಿಡುವುದಕ್ಕೆ ಮಾತ್ರ. ಹೊಡೆಯುವ ಮುನ್ನ ಕ್ರ್ಯಾಂಕಿನ ಕೆಳಗೆ ನೆಲಕ್ಕೂರಿದ ಕಬ್ಬಿಣದ ಆಸರೆ ಕೊಡಬೇಕು. ಕೊಡದಿದ್ದರೆ ಏಟೆಲ್ಲ ಗುಂಡುಗಳಿಗೆ ಬಿದ್ದು ಕಪ್ಪಿನಲ್ಲಿ ಕುಳಿ ಮೂಡುತ್ತದೆ.

ಇನ್ನು ಒಳಗಿನ ಕೆಲಸ. ಬಿಬಿ ಕೊಳವೆಯ ಎರಡು ಬದಿಗೂ ಒಂದೊಂದು ಕಪ್ಪು. ಹಳೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕಪ್ಪಿನಲ್ಲೂ ಕಾಲಿಂಚಿನ 11 ಗುಂಡುಗಳು, ನಡುವೆ ಎಕ್ಸೆಲ್ಲು. ಚೈನಿನ ಬದಿಯ ಕಪ್ಪು ಸ್ಥಿರ, ಅದಕ್ಕೆ ಎಡಮರೆ, ಅಂದರೆ ಉಲ್ಟಾ ತಿರುಪು. ಅದನ್ನು ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ತಿರುಗಿಸಬೇಕು. ಇದಕ್ಕೆ ಬಲವಾದ ಕಾರಣವಿದೆ. ತುಳಿತದ ಒತ್ತಡ ಎಕ್ಸೆಲ್ಲಿನೊಡನೆ ಸುತ್ತುತ್ತಿದ್ದಂತೆ, ಕೊಳವೆಯೊಳಗಿನ ಕಪ್ಪು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ವಿರುದ್ಧ ದಿಕ್ಕಿಗೆ ಉರುಳಲು ನೋಡುತ್ತದೆ. ಬಲಮರೆ ಇದ್ದಿದ್ದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಎಡಮರೆ ಇರುವುದರಿಂದ ಬಿಗಿಯಾಗುತ್ತದೆ. ಎಡ ಪೈಡಲ್ಲಿಗೆ ಎಡಮರೆ ಕೊಟ್ಟಿರುವುದೂ ಇದೇ ನಿಯಮದ ಮೇಲೆ.

ಅಲುಗಾಟವನ್ನು ಸರಿಪಡಿಸುವುದು ಎಡಗಡೆಯ ಕಪ್ಪಿನಲ್ಲಿ. ಹಳೆಯ ಗ್ರೀಸು ಒರೆಸಿ, ಕಪ್ಪಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಗುಂಡು ಓಡಿದ ದಾರಿ ನುಣುಪಾಗಿ ಹೊಳೆದರೆ ಸರಿ, ಕುಳಿ ಬಿದ್ದಿದ್ದರೆ ಬದಲಿಸಲೇಬೇಕು. ಹೊಸ ಗ್ರೀಸು ಮೆತ್ತಿ, ಅದರಲ್ಲಿ ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಎಕ್ಸೆಲ್ಲು ತೂರಿಸಿ, ಎಡಗಪ್ಪನ್ನು ಕೈಯಿಂದಲೇ ತಿರುಗಿಸುತ್ತಾ ಹೋಗುತ್ತಾರೆ. ಕಪ್ಪು ಗುಂಡಿಗೆ ತಾಗಿದ ಮೇಲೆ ಕೂದಲೆಳೆಯ ಲೆಕ್ಕ. ಸಡಿಲಾದರೆ ಭಾರವೆಲ್ಲ ಎರಡು ಮೂರು ಗುಂಡುಗಳ ಮೇಲೆ ಬಿದ್ದು ಕಪ್ಪು ಕೊರೆಯುತ್ತದೆ, ಚೈನಿನ ಚಕ್ರ ಓಲಾಡುತ್ತದೆ. ಬಿಗಿಯಾದರೆ ಎಕ್ಸೆಲ್ಲು ಗರಗರ ಎನ್ನುತ್ತದೆ. ಅನ್ನ ಬೆಂದದ್ದನ್ನು ಎರಡು ಬೆರಳ ನಡುವೆ ಅಗುಳು ಹಿಡಿದು ತಿಳಿಯುವಂತೆ, ಮಿಸ್ತ್ರಿ ಎಕ್ಸೆಲ್ಲಿನ ತುದಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ಹದ ತಿಳಿಯುತ್ತಾರೆ. ಒಂದು ಸುತ್ತಿನಲ್ಲಿ ಎಲ್ಲಿಯೂ ಹಿಡಿಯಬಾರದು, ಎಲ್ಲಿಯೂ ಅಲುಗಬಾರದು.

ಆದರೂ ಕೈಯ ನಿಜವಾದ ಪರೀಕ್ಷೆ ಎಡಗಪ್ಪನ್ನು ಕದಲದಂತೆ ಹಿಡಿದಿಡುವ ಲಾಕ್ ರಿಂಗ್ ಹಾಕುವಾಗ. ಅದನ್ನು ಬಿಗಿ ಮಾಡುತ್ತಿದ್ದಂತೆ ಕಪ್ಪೂ ಅದರ ಜೊತೆಗೆ ಒಂದಿಷ್ಟು ತಿರುಗಿ, ಮಾಡಿದ ಹದ ಕೆಡುತ್ತದೆ. ಅದಕ್ಕೇ ಅನುಭವಸ್ಥರು ಒಂದು ಕೈಯಿಂದ ಕಪ್ಪನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ರಿಂಗು ಬಿಗಿಯುತ್ತಾರೆ. ಆಮೇಲೆ ಮತ್ತೊಮ್ಮೆ ಕ್ರ್ಯಾಂಕು ಅಲುಗಿಸಿ ನೋಡುತ್ತಾರೆ. ತೃಪ್ತಿಯಾಗದಿದ್ದರೆ ಬೇಸರಿಸದೆ ಬಿಚ್ಚಿ ಮತ್ತೆ ಮಾಡುತ್ತಾರೆ. ಹೀಗೆ ಬೇಸರಿಸದಿರುವುದೇ ಈ ಕಸುಬಿನ ದೊಡ್ಡ ಗುಣ.

2006-07ರಿಂದ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದಾಗ ಅವುಗಳ ದುರಸ್ತಿಯೂ ಇಂಥ ಕೈಗಳ ಪಾಲಿಗೇ ಬಂತು. ಈಗ ಹುಬ್ಬಳ್ಳಿ, ಧಾರವಾಡ ಎರಡೂ ನಗರಗಳಲ್ಲಿ ಗೇರಿನ ಸೈಕಲ್ಲುಗಳೂ ಓಡುತ್ತಿವೆ. ಶಿಮಾನೊ ಕಂಪನಿಯ ಹಾಲೋಟೆಕ್ 2 ಮಾದರಿಯಲ್ಲಿ ಕಾಟರ್ ಇಲ್ಲ, ಬಿಡಿ ಗುಂಡುಗಳೂ ಇಲ್ಲ; ಬಲ ಕ್ರ್ಯಾಂಕಿಗೆ ಅಂಟಿಯೇ ಬರುವ 24 ಮಿಲಿಮೀಟರಿನ ಟೊಳ್ಳು ಎಕ್ಸೆಲ್ಲು. ಇಲ್ಲಿ ಅಲುಗಾಟ ತೆಗೆಯುವುದು ಎಡ ಕ್ರ್ಯಾಂಕಿನ ತುದಿಯ ಪ್ಲಾಸ್ಟಿಕ್ ಮುಚ್ಚಳ. ಅದನ್ನು 0.7ರಿಂದ 1.5 ನ್ಯೂಟನ್ ಮೀಟರ್ ಮಾತ್ರ, ಅಂದರೆ ಬೆರಳ ಬಲದಷ್ಟೇ ಬಿಗಿಯಬೇಕು. ಆಮೇಲೆ ಪಕ್ಕದ ಎರಡು ಬೋಲ್ಟುಗಳನ್ನು ಸರದಿಯಂತೆ 12ರಿಂದ 14 ನ್ಯೂಟನ್ ಮೀಟರಿಗೆ. ಬೋಲ್ಟು ಮೊದಲು ಬಿಗಿದರೆ ಮುಚ್ಚಳ ಎಷ್ಟು ತಿರುಗಿಸಿದರೂ ಕ್ರ್ಯಾಂಕು ಒಳಗೆ ಸರಿಯುವುದಿಲ್ಲ. ಕಪ್ಪಿನ ಹಿಂದೆ ಹಾಕಬೇಕಾದ ವಾಷರು ಬಿಟ್ಟುಹೋಗಿದ್ದರೂ ಅಲುಗಾಟ ಉಳಿಯುತ್ತದೆ. ಉಪಕರಣ ಬದಲಾಗಿದೆ, ಹುಡುಕುವ ಹದ ಬದಲಾಗಿಲ್ಲ. ಹಳೆಯ ಕಪ್ಪಿನಲ್ಲಿ ಬೆರಳು ಪಳಗಿಸಿದವರು ಇದನ್ನು ಬೇಗ ಕಲಿಯುತ್ತಾರೆ.

ಸೀಟಿನ ಕೊಳವೆಯಿಂದ ಇಳಿದ ಮಳೆನೀರು ಬಂದು ನಿಲ್ಲುವುದು ಬಿಬಿಯಲ್ಲೇ. ಎರೆಮಣ್ಣಿನ ಕೆಸರು ಸಿಡಿಯುವುದೂ ಅಲ್ಲಿಗೇ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಬಿ ಬಿಚ್ಚಿಸಿ ಗ್ರೀಸು ಹಾಕಿಸಿ. ವಾರಕ್ಕೊಮ್ಮೆ ಕ್ರ್ಯಾಂಕು ಹಿಡಿದು ಅಲುಗಿಸಿ ನೋಡಿ, ಕಟ್ ಎಂದರೆ ಅಂದೇ ಅಂಗಡಿಗೆ ಒಯ್ಯಿರಿ. ತಡಮಾಡಿದರೆ ಗುಂಡಿನ ಖರ್ಚು ಎಕ್ಸೆಲ್ಲು, ಕಪ್ಪು, ಕ್ರ್ಯಾಂಕಿನ ತನಕ ಬೆಳೆಯುತ್ತದೆ. ಮತ್ತು ಮಿಸ್ತ್ರಿ ಕೇಳುವ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಆ ದುಡ್ಡು ಗ್ರೀಸು ಗುಂಡುಗಳಿಗಿಂತ ಹೆಚ್ಚಾಗಿ, ವರ್ಷಗಳ ದುಡಿಮೆಯಲ್ಲಿ ಪಳಗಿದ ಬೆರಳುಗಳಿಗೆ ಸಲ್ಲಬೇಕಾದದ್ದು.