ಹಳೆಯ ಟರ್ಬೊ ಕಾರಿಗೆ ಹೊಸ ಲೆಕ್ಕ: ಇಂಧನ ತಪ್ಪಿದರೆ ಪಿಸ್ಟನ್ನಿಗೇ ಕುತ್ತು

ಹಳೆಯ ಟರ್ಬೊ ಕಾರಿನ ಕಂಪ್ಯೂಟರಿಗೆ ಹೊಸ ತಂತ್ರಾಂಶ ತುಂಬಿ ಅಶ್ವಶಕ್ತಿ ಹೆಚ್ಚಿಸುವುದು ಇಂದು ಕಷ್ಟದ ಕೆಲಸವೇನಲ್ಲ. ಒಂದು ಲ್ಯಾಪ್‌ಟಾಪ್, ಒಂದು ಕೇಬಲ್, ಸ್ವಲ್ಪ ಸಮಯವಿದ್ದರೆ ಸಾಕು. ಆದರೆ ಆ ಅಲ್ಪಾವಧಿಯ ತಪ್ಪೊಂದು ಇಡೀ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಲ್ಲದು. ದೋಷ ಹೆಚ್ಚು ಗಾಳಿಯದ್ದಲ್ಲ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ದೊರೆಯದೇ ಹೋಗುವುದೇ ಅನರ್ಥಕ್ಕೆ ಮೂಲ.

ಇದನ್ನು ಅರಿಯಲು ಸ್ವೀಡನ್ನಿನ ಸಾಬ್ ಕಾರುಗಳು ಉತ್ತಮ ಉದಾಹರಣೆ. 1977ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ‘99 ಟರ್ಬೊ’ ಅನಾವರಣಗೊಳಿಸಿದ ಈ ಕಂಪನಿ, ಟರ್ಬೊವನ್ನು ದಿನಬಳಕೆಯ ಕಾರಿಗೆ ಒಗ್ಗಿಸಿದವರಲ್ಲಿ ಮೊದಲಿಗರ ಸಾಲಿಗೆ ಸೇರಿತು. 2011ರ ಡಿಸೆಂಬರಿನಲ್ಲಿ ಅದು ದಿವಾಳಿಯಾಯಿತಾದರೂ, ಅಭಿಮಾನಿಗಳು ಹಳೆಯ ಸಾಬ್‌ಗಳನ್ನು ಇನ್ನೂ ಓಡಿಸುತ್ತಿದ್ದಾರೆ, ತಿದ್ದುತ್ತಿದ್ದಾರೆ.

1980ರ ದಶಕದ ಆರಂಭದಲ್ಲಿ ಸಾಬ್ ಎಂಜಿನಿಯರ್ ಪೆರ್ ಗಿಲ್‌ಬ್ರಾಂಡ್ ಮತ್ತವರ ಸಹೋದ್ಯೋಗಿಗಳು ‘ಎಪಿಸಿ’ ವ್ಯವಸ್ಥೆ ರೂಪಿಸಿದರು. ಎಂಜಿನ್ನಿನಲ್ಲಿ ‘ನಾಕಿಂಗ್’, ಅಂದರೆ ಇಂಧನ ಅಕಾಲದಲ್ಲಿ ಸಿಡಿಯುವ ಸದ್ದು, ಕೇಳಿಸಿದೊಡನೆ ಅದು ಟರ್ಬೊ ಒತ್ತಡವನ್ನು ಇಳಿಸುತ್ತಿತ್ತು. ಆದರೆ ಇಂಧನದ ಉಸ್ತುವಾರಿ ಬೇರೊಂದು ವ್ಯವಸ್ಥೆಯದ್ದು. ಎಪಿಸಿ ಪೆಟ್ಟಿಗೆಯ ತಿರುಪು ತಿರುಗಿಸಿ ಒತ್ತಡ ಏರಿಸಿದವರಿಗೆ ವೇಗ ಸಿಕ್ಕಿತು. ಅದಕ್ಕೆ ತಕ್ಕ ಪೆಟ್ರೋಲ್ ಸಿಕ್ಕಿತೇ ಎಂಬುದನ್ನು ಆ ಪೆಟ್ಟಿಗೆ ಬಲ್ಲದಾಗಿರಲಿಲ್ಲ.

1993ರ ಮಾದರಿಯ ಸಾಬ್ 9000ರಲ್ಲಿ ಬಂದ ‘ಟ್ರಯಾನಿಕ್’ ಕಂಪ್ಯೂಟರ್ ಈ ಕೊರತೆ ನೀಗಿತು. ಇಂಧನ, ಕಿಡಿ, ಟರ್ಬೊ ಒತ್ತಡ ಮೂರೂ ಒಂದೇ ಮಿದುಳಿನ ಹಿಡಿತಕ್ಕೆ ಬಂದವು. ಕಿಡಿ ಹಾರಿದ ಬಳಿಕ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಸುಮಾರು 80 ವೋಲ್ಟ್ ಹರಿಸಿ, ಉರಿಯುವ ಅನಿಲದ ಅಯಾನು ಪ್ರವಾಹವನ್ನು ಅಳೆದು, ಯಾವ ಸಿಲಿಂಡರಿನಲ್ಲಿ ನಾಕಿಂಗ್ ಆಯಿತೆಂದು ಅದು ಕಂಡುಹಿಡಿಯುತ್ತದೆ. ಪ್ಲಗ್ಗನ್ನೇ ಕಿವಿಯಾಗಿಸಿದ ಜಾಣ್ಮೆ ಮೆಚ್ಚತಕ್ಕದ್ದೇ.

<b>ಲೆಕ್ಕದ ಮರ್ಮ</b>

ಶುದ್ಧ ಪೆಟ್ರೋಲಿನ 1 ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ನಿಧಾನ ಪ್ರಯಾಣದಲ್ಲಿ ಈ ಅನುಪಾತವೇ ಆದರ್ಶ. ಟರ್ಬೊ ಪೂರ್ಣ ಒತ್ತಡದಲ್ಲಿದ್ದಾಗ ಮಾತ್ರ ಹೆಚ್ಚುವರಿ ಪೆಟ್ರೋಲ್ ಸುರಿದು ಅನುಪಾತವನ್ನು 12ರ ಆಸುಪಾಸಿಗೆ ತರಲಾಗುತ್ತದೆ. ಆ ಹೆಚ್ಚುವರಿ ಇಂಧನ ಆವಿಯಾಗುವಾಗ ಶಾಖ ಹೀರಿ ಪಿಸ್ಟನ್ನುಗಳನ್ನು ಕಾಯುತ್ತದೆ.

ಇಂಜೆಕ್ಟರಿಗೆ ದೊರೆಯುವ ಸಮಯವಾದರೋ ಅತ್ಯಲ್ಪ. ನಿಮಿಷಕ್ಕೆ 6000 ಸುತ್ತಿನಲ್ಲಿ ಎಂಜಿನ್ನಿನ ಒಂದು ಪೂರ್ಣ ಆವರ್ತ 20 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದರಲ್ಲಿ 18 ಮಿಲಿಸೆಕೆಂಡು ಇಂಜೆಕ್ಟರ್ ತೆರೆದೇ ಇದ್ದರೆ ಅದು ಮಿತಿಯಂಚಿಗೆ ಬಂತೆಂದೇ ಅರ್ಥ. ಆಗ ದೊಡ್ಡ ಇಂಜೆಕ್ಟರ್ ಅನಿವಾರ್ಯ. ಆದರೆ ಅದನ್ನು ಕೂರಿಸಿ ಕಂಪ್ಯೂಟರಿಗೆ ಹೊಸ ಅಳತೆ ತಿಳಿಸದಿದ್ದರೆ ಎಂಜಿನ್ ಪೆಟ್ರೋಲಿನಲ್ಲಿ ಮುಳುಗುತ್ತದೆ.

ಹಾಗಾದರೆ ನಿಷ್ಕಾಸ ಕೊಳವೆಯ ಆಮ್ಲಜನಕ ಸಂವೇದಕ ಇದನ್ನೆಲ್ಲ ಸರಿಪಡಿಸದೇ? ಹಳೆಯ ಕಾರುಗಳ ಸಂವೇದಕ 14.7ರ ಆಚೀಚೆ ‘ಹೆಚ್ಚು’, ‘ಕಡಿಮೆ’ ಎಂದಷ್ಟೇ ಹೇಳಬಲ್ಲದು. ಪೂರ್ಣ ಒತ್ತಡದಲ್ಲಿ ಕಂಪ್ಯೂಟರ್ ಅದರ ಮಾತು ಕೇಳುವುದೇ ಇಲ್ಲ. ಮೊದಲೇ ಬರೆದಿಟ್ಟ ಕೋಷ್ಟಕವನ್ನು ಕುರುಡಾಗಿ ಅನುಸರಿಸುತ್ತದೆ. ಆದ್ದರಿಂದಲೇ ಬಲ್ಲವರು ವಿಶಾಲ ವ್ಯಾಪ್ತಿಯ ಪ್ರತ್ಯೇಕ ಸಂವೇದಕ ಜೋಡಿಸಿದ ಮೇಲಷ್ಟೇ ಅಂಕಿಗಳಿಗೆ ಕೈಹಾಕುತ್ತಾರೆ.

<b>ಒಂದು ರಬ್ಬರ್ ಕೊಳವೆಯ ಕಥೆ</b>

ತಂತ್ರಾಂಶಕ್ಕಿಂತ ಹೆಚ್ಚು ಕಾಡುವುದು ವಯಸ್ಸು. ಇಂಧನ ಒತ್ತಡದ ನಿಯಂತ್ರಕಕ್ಕೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಟರ್ಬೊ ಒತ್ತಡ ಏರಿದಷ್ಟೂ ಇಂಧನದ ಒತ್ತಡವನ್ನು ಏರಿಸಿ, ವ್ಯತ್ಯಾಸವನ್ನು 3 ಬಾರ್‌ಗೆ ಕಾಯ್ದುಕೊಳ್ಳುವುದು ಅದರ ನೆರವಿನಿಂದ. ಮೂವತ್ತು ವರ್ಷದ ಈ ಕೊಳವೆ ಬಿರಿಯಿತೆನ್ನಿ. 1 ಬಾರ್ ಟರ್ಬೊ ಒತ್ತಡದಲ್ಲಿ ವ್ಯತ್ಯಾಸ 2 ಬಾರ್‌ಗೆ ಇಳಿಯುತ್ತದೆ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಪೆಟ್ರೋಲ್ ಶೇ. 18ರಷ್ಟು ಕಡಿಮೆಯಾಗುತ್ತದೆ. ಆಗ 12 ಇದ್ದ ಅನುಪಾತ ಎಲ್ಲಿಗೆ ಹೋಯಿತು? ಸರಿಯಾಗಿ 14.7ಕ್ಕೆ! ನಿಧಾನ ಪ್ರಯಾಣದ ಆದರ್ಶವೇ ಪೂರ್ಣ ಒತ್ತಡದಲ್ಲಿ ಪಿಸ್ಟನ್ನಿಗೆ ಮಾರಕ.

ಇಂಥ ಕೊಳವೆಯ ಬೆಲೆ ಅತ್ಯಲ್ಪವೆಂಬುದನ್ನು ಹೇಳಬೇಕಿಲ್ಲ. ಸವೆದ ಪಂಪು, ಕಟ್ಟಿಕೊಂಡ ಫಿಲ್ಟರ್ ಕೂಡ ಇದೇ ಬಗೆಯ ಅನಾಹುತ ತರುತ್ತವೆ.

ಇಂಧನ ಬದಲಾದರೂ ಲೆಕ್ಕ ಬದಲಾಗಲೇಬೇಕು. ಎಥನಾಲಿಗೆ ಪ್ರತಿ ಕಿಲೋಗೆ ಸುಮಾರು 9 ಕಿಲೋ ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಶೇ. 85ರಷ್ಟು ಎಥನಾಲ್ ಇರುವ ‘ಇ85’ ಬಳಸುವುದಾದರೆ ಇಂಜೆಕ್ಟರ್ ಸುಮಾರು ಶೇ. 40ರಷ್ಟು ಹೆಚ್ಚು ಹರಿಸಬೇಕಾಗುತ್ತದೆ. ಸ್ವೀಡನ್ನಿನಲ್ಲಿ 2021ರ ಆಗಸ್ಟಿನಿಂದ ಸಾಮಾನ್ಯ 95 ಆಕ್ಟೇನ್ ಪೆಟ್ರೋಲೇ ‘ಇ10’ ಆಗಿದೆ. ಭಾರತದಲ್ಲಿ ‘ಇ20’ಗೆ ಪ್ರಧಾನಿ ಚಾಲನೆ ನೀಡಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ.

ಸಾಬ್ ಮಾತ್ರ ಈ ಲೆಕ್ಕವನ್ನು ಕಾರ್ಖಾನೆಯಲ್ಲೇ ಮುಗಿಸಿತ್ತು. 2005ರ ಸುಮಾರಿಗೆ ಬಂದ ಅದರ ‘9-5 ಬಯೋಪವರ್’ ಕಾರಿನ 2 ಲೀಟರ್ ಟರ್ಬೊ ಎಂಜಿನ್ ಪೆಟ್ರೋಲಿನಲ್ಲಿ 150 ಅಶ್ವಶಕ್ತಿ ನೀಡಿದರೆ, ‘ಇ85’ ತುಂಬಿದಾಗ 180 ನೀಡುತ್ತಿತ್ತು.